ಆಣೆ ಕೇಳದ ಕೋಣೆಗೆ ಹಾಕಿದ ಕೀಲಿ

ಶಾಲಾ ಕೋಣೆಗಳ ಅನುಮತಿಯನ್ನು ಕೈಯಲ್ಲಿಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ಕೊಲ್ಲಾಪುರದ ನಿಮ್ಮ ಶಾಲೆಯೊಂದರ ನಾಲ್ಕನೇ ಇಯತ್ತೆಯ ಕೋಣೆಗೆ ಕೀಲಿ ಹಾಕಿಸಿದ್ದೀರಿ. ಅಲ್ಲಿ ಪ್ರತಿ ರವಿವಾರ ಸಂಜೆ ಕುಡಿತ ಬಿಡಬೇಕೆನ್ನುವವರು ಕೂಡುತ್ತಿದ್ದರು. ಆ ಕೀಲಿ ತೆಗೆಸಿ ಎಂದು ಕೇಳಲು ಈ ಪತ್ರ. ಮರಾಠಿಯಲ್ಲಿ ಕೊಟ್ಟ ಅರ್ಜಿಗೆ ನೀವು ಉತ್ತರಿಸಲಿಲ್ಲ. ಆದ್ದರಿಂದ ನನಗೆ ಸರಾಗವಾಗಿ ಬರುವ ಭಾಷೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬರದಿದ್ದರೆ ನಿಮ್ಮ ಬಾಗಿಲ ಸಿಪಾಯಿಗೆ ಬರುತ್ತದೆ. ನನ್ನನ್ನು ಹೊರಗೆ ಹಾಕುವಾಗ ಆತ ಕನ್ನಡದಲ್ಲೇ ಮಾತಾಡಿದ್ದ.

ರವಿವಾರವೇ ಏಕೆ ಎಂದು ಕೇಳಿದ್ದಿರಿ. ನಾನೂ ನನ್ನ ಅಣ್ಣ ಹಾಲಸಿದ್ದನೂ ಗೋಕುಳ ಶಿರಗಾಂವದ ಫೌಂಡ್ರಿಯೊಂದರಲ್ಲಿ ದುಡಿಯುತ್ತೇವೆ. ರವಿವಾರ ಸಂಜೆ ಪಗಾರ, ಸೋಮವಾರ ಸೂಟಿ. ಪಗಾರದ ಸಂಜೆ ದೇಶಿ ದಾರೂ ಅಂಗಡಿಯವರು ಬಾಗಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ನಮ್ಮ ದಾರಿ ಕಾಯುತ್ತಾರೆ. ಅವರಿಗೆ ಸರಕಾರದ ಲೈಸನ್ಸ್ ಇದೆ. ನಮ್ಮವರು ಕೇಳಿದ್ದು ಕೂಡಲು ಒಂದಿಷ್ಟು ಬೆಂಚು, ಅದೂ ಮಕ್ಕಳಿಗೆ ಶಾಲೆಯಿಲ್ಲದ ದಿನ. ಇವೆರಡರಲ್ಲಿ ಊರಿಗೆ ಯಾವುದು ಅಪಾಯವೆಂದು ತಮ್ಮ ಕಚೇರಿ ತೀರ್ಮಾನಿಸಿತು?

ಆ ಬೆಂಚು ನಮಗೆ ಸುಲಭವಾಗಿ ಸಿಕ್ಕಿದ್ದಲ್ಲ. ನಮ್ಮದು ಸುಳಕೂಡದ ಕುರಿಗಾರರ ಮನೆ. ಅಣ್ಣನ ಕುಡಿತ ಮಿತಿಮೀರಿದಾಗ ಅವ್ವ ಯಮುನವ್ವ ಆತನನ್ನು ದೇವರ ಮುಂದೆ ನಿಲ್ಲಿಸಿ, ಅಂಗೈಯಲ್ಲಿ ಭಂಡಾರ ಹಾಕಿ ಆಣೆ ಮಾಡಿಸಿದಳು. ಭಂಡಾರವೆಂದರೆ ನಿಮಗೆ ಅರಿಷಿಣದ ಪುಡಿ. ಆ ಆಣೆ ಮುರಿದವನು ಹಟ್ಟಿಗೆ ಕಾಲಿಟ್ಟರೆ ಕುರಿಮರಿ ಬದುಕುವುದಿಲ್ಲ ಎಂದು ನಂಬಿದವರು ನಾವು. ಅಣ್ಣ ಮುರಿದ. ಆಮೇಲೆ ಹಟ್ಟಿಯತ್ತ ಸುಳಿಯಲಿಲ್ಲ, ಅವ್ವನ ಎದುರು ಊಟಕ್ಕೆ ಕೂಡಲಿಲ್ಲ. ಮೊದಲು ಚಟಕ್ಕೆ ಕುಡಿಯುತ್ತಿದ್ದವನು ಈಗ ಹೆದರಿಕೆಗೆ ಕುಡಿಯತೊಡಗಿದ.

ದವಾಖಾನೆಯಲ್ಲಿ ಕೇಳಿದರೆ ಪುಣೆಗೆ ಹೋಗಿ ಎಂದರು. ಗಡಹಿಂಗ್ಲಜದಲ್ಲಿ ಇಂಥವರ ಸಭೆಯೊಂದು ನಡೆಯುತ್ತದೆಂದು ಕೇಳಿ ಬಸ್ಸು ಹತ್ತಿದೆವು. ಹೋಗಿ ನೋಡಿದರೆ ಭಜನಾ ಮಂಡಳಿ. ಅಣ್ಣನ ಕೈಗೆ ತಾಳ ಕೊಟ್ಟರು. ಮುಗಿಯುವವರೆಗೂ ಬಾರಿಸಿದ, ಬಸ್‌ಸ್ಟ್ಯಾಂಡಿಗೆ ಬಂದು ಕುಡಿದ. ಕೊನೆಗೆ ಇಚಲಕರಂಜಿಯ ಮಗ್ಗದ ಕೆಲಸಗಾರರೊಬ್ಬರು ಫೌಂಡ್ರಿಗೆ ಬಂದಾಗ ನಿಮ್ಮ ಶಾಲೆಯ ಕೋಣೆಯ ಸುದ್ದಿ ಹೇಳಿದರು. ಅಲ್ಲಿಗೆ ಬಂದವರ ಹೆಸರು ಹೊರಗೆ ಹೇಳಬಾರದೆಂಬುದು ಆ ಕೋಣೆಯ ಪದ್ಧತಿ. ಆದ್ದರಿಂದ ಆ ಮಗ್ಗದವರನ್ನು ಮಾಮಾ ಎನ್ನುತ್ತೇನೆ. ಅಣ್ಣನ ಹೆಸರನ್ನು ನೀವೇ ಮೈಕಿನಲ್ಲಿ ಕೂಗಿದ್ದೀರಿ, ಅದರಲ್ಲಿ ಮುಚ್ಚಿಡುವುದೇನೂ ಉಳಿದಿಲ್ಲ.

ಮೊದಲ ಸಂಜೆ ಅಣ್ಣ ಹೊಸ್ತಿಲ ಹೊರಗೇ ನಿಂತ.

"ಇಲ್ಲಿ ಆಣಿ ಮಾಡಸ್ತೀರೇನ್ರಿ? ಮಾಡಸೂದಿದ್ರ ಈಗs ಹೊಳ್ಳಿ ಹೋಗ್ತೇನಿ."

"ಆಣಿ ಮಾಡಿ ಮಾಡಿ ನಮ್ಮೆಲ್ಲಾರ ನಾಲಿಗಿ ಸವದೈತಿ," ಮಾಮಾ ನಕ್ಕರು. "ಇವತ್ತ ಕುಡದಿಲ್ಲಲ್ಲ? ಬಾ, ಕೂಡು. ನಾಳಿದು ನಾಳಿ ನೋಡೂಣು."

"ಮತ್ತ ಒಂದಿನ ಕುಡದ ಬಂದ್ರ?"

"ಸುಮ್ಮ ಕೂತು ಕೇಳು. ಬಾಗಿಲಾ ಅಂತೂ ಹಾಕೂದಿಲ್ಲ."

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಯಾವ ಕೆಲಸದಲ್ಲೂ ಬಹಳ ದಿನ ನಿಂತವನಲ್ಲ. ಆ ಬೆಂಚಿನಲ್ಲಿ ಮೊಣಕಾಲು ಹಿಡಿಸದಿದ್ದರೂ ಅಣ್ಣನ ಪಕ್ಕದಲ್ಲಿ ಕೂತೆ. ಒಬ್ಬೊಬ್ಬರೂ ತಮ್ಮ ಸಂಗತಿ ಹೇಳುತ್ತಿದ್ದರು, ಯಾರೂ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣ ಅವ್ವನ ಎದುರು ಕೂತು ರೊಟ್ಟಿ ಮುರಿದ.

ಆಗ ತಾವು ಬಂದಿರಿ. ಗಾಂಧಿ ಜಯಂತಿಯಂದು ಇವರಲ್ಲಿ ಒಬ್ಬನಾದರೂ ವೇದಿಕೆಯ ಮೇಲೆ ಪ್ರತಿಜ್ಞೆ ಮಾಡಿದರೆ ಮಾತ್ರ ಕೋಣೆ ಎಂದಿರಿ. ಇಲ್ಲಿ ಆಣೆಯಿಲ್ಲ ಎಂದು ಮಾಮಾ ಕೈಮುಗಿದು ಹೇಳಿದರು. "ಏವಢಂ ತರ ಕೇಲಂಚ ಪಾಹಿಜೆ," ಇಷ್ಟಾದರೂ ಮಾಡಲೇಬೇಕು ಎಂದು ಎದ್ದು ಹೋದಿರಿ.

"ನಾ ಹೋಗ್ತೇನಿ," ಎಂದ ಅಣ್ಣ. "ಒಬ್ಬಾಂವ ಹೋದ್ರ ಎಲ್ಲಾರಿಗೂ ಖೋಲಿ ಉಳೀತೈತಿ."

"ಬ್ಯಾಡೋ ಅಣ್ಣಾ."

"ಸುಮ್ಮನಿರಲೇ. ಗಾಂಧಿ ಮುಂದ ಭಂಡಾರ ಇರೂದಿಲ್ಲ. ಬರೇ ಬಾಯಿಮಾತು."

ಆದರೆ ಇತ್ತು. ಕುರಿಗಾರರವನೆಂದು ತಿಳಿದ ತಾವು ಪ್ರೀತಿಯಿಂದ ಭಂಡಾರದ ತಟ್ಟೆಯನ್ನೇ ತರಿಸಿದ್ದಿರಿ. ನಮ್ಮ ಆಚಾರಕ್ಕೆ ಎಂಥ ಗೌರವ! ಅಣ್ಣ ನನ್ನನ್ನು ನೋಡಿದ, ಮುಂದೆ ಕೂತ ಜನರನ್ನು ನೋಡಿದ, ಅಂಗೈ ಚಾಚಿದ. ಚಪ್ಪಾಳೆ ಬಿದ್ದವು, ಫೋಟೋ ತೆಗೆದರು. ಬಸ್ಸಿನಲ್ಲಿ ಊರು ಬರುವತನಕ ಆತ ಆ ಹಳದಿ ಕೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡೇ ಕೂತಿದ್ದ, ಅದು ತನ್ನದಲ್ಲವೆನ್ನುವಂತೆ. ದೀಪಾವಳಿಗೆ ಮುಂಚೆಯೇ ಮತ್ತೆ ಕುಡಿದ. ಸುಳಕೂಡಕ್ಕೆ ಹೋಗುವುದನ್ನೇ ಬಿಟ್ಟ. ಸುದ್ದಿ ನಿಮಗೆ ಮುಟ್ಟಿತು. ಪ್ರತಿಜ್ಞೆ ಮುರಿದವರ ಕೂಟಕ್ಕೆ ಶಾಲೆಯಲ್ಲಿ ಜಾಗವಿಲ್ಲ ಎಂದು ಕೀಲಿ ಹಾಕಿಸಿದಿರಿ.

ಮಾನ್ಯರೇ, ಪ್ರತಿಜ್ಞೆ ಉಳಿಸಿಕೊಳ್ಳಬಲ್ಲವರಿಗೆ ಆ ಕೋಣೆ ಏಕೆ ಬೇಕು? ಜ್ವರ ಬಂದವನನ್ನು ಜ್ವರ ಬಂದಿದೆಯೆಂದು ದವಾಖಾನೆಯಿಂದ ಹೊರಗೆ ಹಾಕುತ್ತಾರೆಯೇ? ಕುಡಿದದ್ದು ಅಣ್ಣನೇ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಕುಡಿದ ಮರುದಿನ ಆತ ಹೋಗಿ ಕೂಡಬಹುದಾಗಿದ್ದ ಒಂದೇ ಜಾಗವನ್ನು ಮುಚ್ಚಿದವರು ನೀವು. ಅಲ್ಲಿ ಕೂಡುತ್ತಿದ್ದ ಕೆಲವರನ್ನು ಈಗ ಊದುಬತ್ತಿ ಹಚ್ಚುವ ಆ ದಾರೂ ಅಂಗಡಿಯ ಮುಂದೆ ಕಾಣುತ್ತೇನೆ.

ಕಳೆದ ರವಿವಾರ ಅಣ್ಣ ಕುಡಿದೇ ಶಾಲೆಗೆ ಬಂದ. ಆದರೂ ಬಂದ. ಕೀಲಿ ಹಿಡಿದು ಜಗ್ಗಿ ನೋಡಿ ಮೆಟ್ಟಿಲ ಮೇಲೆ ಕುಸಿದು, "ಬಾಗಿಲಾ ಹಾಕೂದಿಲ್ಲ ಅಂದಿದ್ರಲ್ಲೋ ತಮ್ಮಾ," ಎಂದ. ನಾನೂ ಆತನ ಪಕ್ಕ ಮೆಟ್ಟಿಲ ಮೇಲೆ ಕೂತೆ. ಆ ಮಾತಿಗೆ ಉತ್ತರ ನಿಮ್ಮ ಬಳಿ ಇದೆ.

ಬರುವ ರವಿವಾರ ಸಂಜೆ ಆ ಕೋಣೆ ತೆಗೆಸಿ. ವೇದಿಕೆ ಬೇಡ, ಹಾರ ಬೇಡ, ಭಂಡಾರ ಬೇಡ. ಅಣ್ಣ ಇನ್ನು ಕುಡಿಯುವುದಿಲ್ಲವೆಂದು ನಾನು ಮಾತು ಕೊಡಲಾರೆ, ಕೊಟ್ಟರೆ ಸುಳ್ಳಾದೀತು. ಬಾಗಿಲು ತೆರೆದಿದ್ದರೆ ಒಳಗೆ ಬರುತ್ತಾನೆ. ಅಷ್ಟು ಮಾತ್ರ ಗೊತ್ತು.

ಇಂತಿ,
ಓದಲು ಕಳಿಸಿದಾಗ ಶಾಲೆಯಿಂದ ಓಡಿಹೋಗಿ,
ಈಗ ಅದರ ಬಾಗಿಲಲ್ಲಿ ಅಣ್ಣನ ಜೊತೆ ಕೂತಿರುವ
ಕೃಷ್ಣಾತ
ಡಿಸೆಂಬರ್ ೧೯೮೩