ಕೊನೀ ನುಡಿ ನುಂಗಿದ ತಮ್ಮಗ

ವಿದ್ಯಾಗಿರಿ, ಬಾಗಲಕೋಟೆ

ತಮ್ಮ ನಯೀಮಗ, ಅಕ್ಕ ಖುಶನುಮಾ ಬರಿಯೂದು.

ಆರಾಮ ಅದೇವಿ ಅಂತ ಮೊದಲ ಬರೀಬೇಕು, ಆದ್ರ ಆರಾಮ ಇಲ್ಲ. ನಿನ್ನ ಸಿನೆಮಾ ನೋಡಿ ಬಂದು ಹನ್ನೆರಡು ದಿನ ಆತು, ಬಾಯಾಗಿನ ಕಹಿ ಇನ್ನೂ ಹೋಗಿಲ್ಲ. ಫೋನಿನ್ಯಾಗ ಬೈದ್ರ ನೀ ಕಟ್ ಮಾಡ್ತಿ. ಈ ಕಾಗದ ಹರಿಯೂದಿದ್ರ ಹರಿ, ಆದ್ರ ಪೂರಾ ಓದಿ ಹರಿ.

ನೀ ಆ ದೊಡ್ಡ ಊರಾಗ ಹಾಡಿದ ಕಾರ್ಯಕ್ರಮಾನ ಹಂಗ ಸಿನೆಮಾ ಮಾಡಿ ಥೇಟರಿಗೆ ಬಿಟ್ಟಾರ ಅಂದಾಗ ನಾ ಕುಣಿದಾಡಿದ್ದೆ. ಸಾಲಿಯೊಳಗ ಎಲ್ಲಾರಿಗೂ ಹೇಳಿದ್ದೆ, ನಮ್ಮ ಲಲಿತಾ ಟೀಚರನ್ನೂ ಕರಕೊಂಡ ಹೋಗಿದ್ದೆ. ಅಪ್ಪ-ಅವ್ವ ಕಮತಗಿಯಿಂದ ಮುಂಜಾನಿ ಬಸ್ಸಿಗೇ ಬಂದ್ರು. ಅಪ್ಪನ ತಲಿ ಮ್ಯಾಲೆ ಬಿಳಿ ರುಮಾಲು. ಮೊಹರಮ್ಮಿಗಷ್ಟ ಟ್ರಂಕಿನಿಂದ ತಗಿಯೂ ರುಮಾಲು ಅದು. ಸಿನೆಮಾಕ್ಕ ಇದ್ಯಾಕಪ್ಪಾ ಅಂತ ಕೇಳಿದ್ರ ಬರೇ ನಕ್ಕ. ಅವ್ವ ಚುರಮುರಿ ಗಂಟು ತಂದಿದ್ಲು, ಗೇಟಿನ್ಯಾಗ ಕಸಗೊಂಡ್ರು. ಅದಕ್ಕೂ ಆಕಿ ಸಿಟ್ಟಾಗಲಿಲ್ಲ. ಮಗನ್ನ ಗ್ವಾಡಿಯಷ್ಟು ದೊಡ್ಡಾಂವ ಆಗಿ ನೋಡೂ ಖುಷಿ ಆಕಿಗೆ.

ಪರದೆ ಮ್ಯಾಲೆ ನೀ ಬಂದಿ. ಬರಿಗಾಲು, ಕೊಳ್ಳಾಗ ಮೂರು ಸರದ ಮಣಿ, ಮೈಮ್ಯಾಲೆ ಕೌದಿ ಹರದು ಹೊಲಿದ ಕೋಟು. ಏ, ಅದು ನನ್ನ ಕೌದಿ ಅಂದ್ಲು ಅವ್ವ. ಹೋದ ವರ್ಷ ಥಂಡಿಗೆ ಹೊದಿಯಾಕ ಅಂತ ಹೇಳಿ ನೀ ಒಯ್ದಿದ್ದಿಯಲ್ಲ, ಅದ. ಆಕಿಗೆ ಅದೂ ಸಂತೋಷ. ನನಗ ಅಲ್ಲೇ ಕಸಿವಿಸಿ ಆತು. ಸಣ್ಣಾಂವಿದ್ದಾಗಿಂದ ಚಪ್ಪಲ್ ಇಲ್ಲದ ಅಂಗಳಕ್ಕೂ ಇಳಿಯದಾಂವ, ಅಲ್ಲಿ ಸಂತ ಆಗಿ ನಿಂತಿದ್ದಿ.

ಆಮ್ಯಾಲೆ ಹಲಗಿ ಬಡದ್ರು, ನೀ ಕೂಸಿನ ಪದ ಎತ್ತಿದಿ. ಅಪ್ಪನ ಪದ. ಕರ್ಬಲಾದಾಗ ಹನಿ ನೀರಿಲ್ಲದ ಒದ್ದಾಡಿದ ಕೂಸಿನ ಮ್ಯಾಲೆ, ಗಾದಿ ಹೊಲಕೋತ ಹೊಲಕೋತ ಅಂವ ಎರಡು ವರ್ಷ ಕುಂತು ಕಟ್ಟಿದ ಪದ. ನಿನ್ನ ದನಿ ಚಲೋ ಇತ್ತು, ಅದಕ್ಕ ನಾ ಸುಳ್ಳು ಹೇಳಂಗಿಲ್ಲ. ಅಪ್ಪನ ತುಟಿ ಕತ್ತಲದಾಗ ನಿನ್ನ ಜೋಡಿ ಅಲಗಾಡತಿದ್ವು.

ನಮ್ಮೂರ ಮೊಹರಮ್ಮಿನ ಹಾಡಿನ ಮೇಳದ ಪದ್ಧತಿ ನೀ ಮರತಿಲ್ಲ. ಪದದ ಕೊನೀಗೆ ಹೆಸರಿನ ನುಡಿ ಬರತೈತಿ. ಅದನ್ನ ಎತ್ತಿದ ಕೂಡಲೆ ಪದ ಕಟ್ಟಿದಾಂವ ಎಲ್ಲಿ ಕುಂತಿರ್ತಾನೋ ಅಲ್ಲೇ ಎದ್ದು ನಿಲ್ಲಬೇಕು. ಕುಂತ ಕೇಳಿದ್ರ ಹಾಡಿದವರಿಗೆ ಅವಮಾನ.

ಊರು ಕಮತಗಿ, ಹತ್ತಿ ಹಿಂಜಾಂವ ಸುಭಾನ,
ಕೂಸಿನ ನೀರಡಿಕಿ ಹಾಡ್ಯಾನ.

ಆರು ವರ್ಷದಾಂವ ಇದ್ದಾಗ ಈ ನುಡಿ ಬಂತಂದ್ರ ನೀ ಹಲಗಿಗಿಂತ ಜೋರು ಒದರತಿದ್ದಿ. ಆಮ್ಯಾಲೆ ನನ್ನ ಹತ್ರ ಓಡಿ ಬಂದು, "ಅಕ್ಕಾ, ನಾ ಅಪ್ಪನ್ನ ಎಬ್ಬಿಸಿದೆ" ಅಂತಿದ್ದಿ.

ಥೇಟರಿನ್ಯಾಗ ಅದರ ಹಿಂದಿನ ನುಡಿ ಮುಗೀತು. ಅಪ್ಪ ರುಮಾಲು ಸರಿ ಮಾಡಿಕೊಂಡು, ಮೊಣಕಾಲು ಹಿಡಕೊಂಡು ಎದ್ದು ನಿಂತ. ಆಗ ನನಗ ರುಮಾಲು ಯಾಕಂತ ತಿಳೀತು. ನೀ ಹಾಡು ನಿಲ್ಲಿಸಿ, ಕಣ್ಣು ಮುಚ್ಚಿ, ಎಲ್ಲಿಂದ ಕಲತಿಯೋ ಆ ಭಾಷಾದಾಗ ಮಂದಿಗೆ ಹೇಳಿದಿ: "ಈ ಪದವನ್ನು ನನಗೆ ಬಾದಾಮಿ ಬೆಟ್ಟದಲ್ಲಿ ಒಬ್ಬ ಕುರುಡ ಫಕೀರ ಕೊಟ್ಟ. ಕಟ್ಟಿದವರು ಯಾರೋ ಗೊತ್ತಿಲ್ಲ. ಇದಕ್ಕೆ ಹೆಸರಿಲ್ಲ." ಮಂದಿ ಅತ್ರು, ಚಪ್ಪಾಳಿ ಹೊಡದ್ರು. ನಮ್ಮ ಹಿಂದ ಕುಂತಾಂವ ಅಪ್ಪಗ, ಏ ಮುದಕಪ್ಪಾ ಕುಂದರೋ, ಕಾಣವಲ್ದು ಅಂದ. ಅಪ್ಪ ನಿಂತ ಇದ್ದ. ಮಾತು ಮುಗಿಸಿ ಹಾಡ್ತಾನ ಅಂತ ಕಾದಿದ್ದ. ಮುಂದಿನ ಹಾಡು ಸುರು ಆದ ಮ್ಯಾಲೆ ಅವ್ವ ಧೋತರ ಜಗ್ಗಿ ಕುಂಡ್ರಿಸಿದ್ಲು.

ಹೇಸಿಗಿ ಬಂತು ನಯೀಮ. ಹೊರಗ ಬಂದಾಗ ಲಲಿತಾ ಟೀಚರ, ಆ ಫಕೀರ ಇನ್ನೂ ಅದಾನೇನ್ರಿ ಅಂತ ಕೇಳಿದ್ರು. ಅಪ್ಪ ಅಲ್ಲೇ ಬಾಜೂಕ ನಿಂತು ರುಮಾಲು ಮಡಚಾಕ ಹತ್ತಿದ್ದ. ನಾ ಗೊತ್ತಿಲ್ರಿ ಅಂದೆ. ನಿನ್ನ ಸುಳ್ಳಿಗೆ ನಾನೂ ಕೈ ಹಚ್ಚಿದೆ, ಅದಕ್ಕ ನನ್ನ ಮ್ಯಾಲೂ ನನಗ ಹೇಸಿಗಿ ಐತಿ.

ಅವತ್ತ ಸಂಜಿಕ ಫೋನ್ ಹಚ್ಚಿದ್ರ ಏನಂದಿ? "ಅಕ್ಕ, ಮಂದಿಗೆ ಕಥಿ ಬೇಕು. ಗಾದಿ ಹೊಲಿಯಾಂವ ಅಂದ್ರ ಯಾರು ಅಳ್ತಾರ?" ಛೀ. ಹತ್ತಿ ಧೂಳು ಕುಡಿದು ಕುಡಿದು ಅಪ್ಪನ ಎದಿ ಕೆಟ್ಟೈತಿ, ಅಂಥಾ ದಮ್ಮಿನ್ಯಾಗ ನಿನಗ ಒಂದೊಂದು ನುಡಿ ಹೇಳಿಕೊಟ್ಟ. ಹತ್ತಿದ ಏಣಿ ಒದಿಯೋರನ್ನ ನಾ ಭಾಳ ಮಂದೀನ ನೋಡೀನಿ. ನೀ ಏಣೀನ ಇರಲಿಲ್ಲ, ಹಾರಿ ಬಂದೀನಿ ಅಂತಿ.

ಅಪ್ಪ ಸಿಟ್ಟಾಗ್ಯಾನ ಅಂತ ತಿಳೀಬ್ಯಾಡ. ಸಿಟ್ಟಾಗಿದ್ರ ನಾ ಈ ಕಾಗದ ಬರೀತಿರಲಿಲ್ಲ. ಮೊನ್ನೆ ಕಮತಗಿಗೆ ಹೋಗಿದ್ದೆ. ಮೊಹರಮ್ಮಿನ ತಾಲೀಮು ಸುರು ಆಗೈತಿ. ಈಗ ಮೇಳದಾಗ ಮುಂದ ನಿಂತು ಹಾಡೂ ಜಹಾಂಗೀರ ಕೂಸಿನ ಪದ ಎತ್ತಿದ. ಹೆಸರಿನ ನುಡಿ ಬರೂದಕ್ಕ ಅಪ್ಪ ಕೈ ಅಡ್ಡ ಮಾಡಿದ. "ಆ ನುಡಿ ಬಿಟ್ಟ ಹಾಡ್ರಿ. ಹೆಸರಿಲ್ಲಂತ ನಮ್ಮ ನಯೀಮ ಅಷ್ಟ ಮಂದಿ ಮುಂದ ಹೇಳ್ಯಾನ. ನಾಳೆ ಯಾರರ ಕೇಳಿದ್ರ ಹುಡುಗ ಸುಳ್ಳ ಆಗ್ತಾನ." ಹುಡುಗರು ಪದ ಅಲ್ಲಿಗೇ ನಿಲ್ಲಿಸಿದ್ರು. ನಿನ್ನ ಸುಳ್ಳು ಉಳಸಾಕ ನಿನ್ನಪ್ಪ ತನ್ನ ಹೆಸರು ತಾನ ಅಳಿಸಿಕೊಂಡ. ಅಂಥಾವನ ಹೊಟ್ಟೀಲೆ ನೀ ಹೆಂಗ ಹುಟ್ಟಿದಿ ಅಂತ ಬಸ್ಸಿನ್ಯಾಗ ಅತಗೋತ ಬಂದೆ.

ಕ್ಷಮಾ ಕೇಳು ಅಂತ ನಾ ಅನ್ನಂಗಿಲ್ಲ. ಅದರಾಗೂ ನೀ ಒಂದು ಕಥಿ ಮಾಡ್ತಿ. ಹಬ್ಬಕ್ಕ ಬಾ. ಸಾದಾ ಅಂಗಿ ಹಾಕ್ಕೊಂಡು, ಕಾಲಾಗ ಚಪ್ಪಲ್ ಮೆಟ್ಟಿಕೊಂಡು ಬಾ. ಕ್ಯಾಮೆರಾ ತರಬ್ಯಾಡ. ಅವ್ವನ ಕೌದಿ ಹೆಂಗೈತೋ ಹಂಗ ವಾಪಸ್ ತಾ, ಆಕಿ ಕೂಡಿಸಿ ಹೊಲೀತಾಳ. ಮೇಳದ ನಡುವ ನಿಂತು ಜಹಾಂಗೀರ ನಿಲ್ಲಿಸಿದಲ್ಲಿಂದ ಆ ಎರಡು ಸಾಲು ಎತ್ತು. ಅಪ್ಪ ರುಮಾಲು ಟ್ರಂಕಿನ್ಯಾಗ ಹಾಕಿ ಕೀಲಿ ಹಚ್ಯಾನ, ಈ ಸಲ ತಗಿಯಂಗಿಲ್ಲ ಅಂದಾನ. ನೋಡೂಣು, ಇನ್ನೊಮ್ಮೆ ನೀ ಅವನ್ನ ಎಬ್ಬಸ್ತಿ ಏನು.

ನಿನ್ನ ದನಿ ಚಲೋ ಇರಲಿ. ಅಪ್ಪಂದು ಅಂತ ನಿನ್ನ ಹತ್ರ ಉಳದದ್ದು ಅದೊಂದ.

ಇಂತಿ,
ಕಮತಗಿಯ ಹತ್ತಿ ಹಿಂಜೂ ಸುಭಾನಸಾಬನ ಮಗಳು
ಖುಶನುಮಾ