ಎಡ ಭುಜದ ಅರ್ಧ ಇಂಚು

ಫೆಬ್ರವರಿ 6, ಬೆಳಿಗ್ಗೆ

ಎರಡು ಕೋಟು ಟ್ರಯಲ್‌ಗೆ ಸಿದ್ಧ. ಗುಂಡಿಯ ಕಾಜಾ ಬಾಕಿ — ಅದು ಮನೆಯವಳ ಕೆಲಸ. ನನ್ನ ಹೊಸ ಶರ್ಟು ಹಾಕಿ ನೋಡಿದೆ. ಎಡ ಭುಜ ಹಿಡಿಯುತ್ತಿದೆ. ವಿಚಿತ್ರ! ಮೊಳೆಗೆ ನೇತುಹಾಕಿರುವ ನನ್ನ ಅಳತೆಯ ಕಾಗದ ಇಟ್ಟೇ ಕತ್ತರಿಸಿದ್ದು. ಭುಜದ ಕೊಬ್ಬಿನ ಗಡ್ಡೆಗೆಂದು ಅದರಲ್ಲಿ ಅರ್ಧ ಇಂಚು ಹೆಚ್ಚಿದೆ. ಹದಿನೆಂಟು ವರ್ಷದಿಂದ ಅದೇ ಕಾಗದ, ಅದೇ ಗಡ್ಡೆ. ನಾವಿಬ್ಬರೂ ಅದಕ್ಕೆ ‘ನೆಂಟ’ ಎನ್ನುತ್ತೇವೆ — ಬಂದವನು ಹೊರಡಲೇ ಇಲ್ಲ. ಬಟ್ಟೆ ಶ್ರಿಂಕ್ ಆಗಿರಬೇಕು. ಹೊಲಿಗೆ ಬಿಚ್ಚಿ ಸಡಿಲ ಮಾಡಿದೆ.

ಫೆಬ್ರವರಿ 19

ಮೂರನೇ ಶರ್ಟನ್ನೂ ಸಡಿಲಿಸಿದೆ. ನೆಂಟ ಮೆತ್ತಗಿದ್ದ, ಬೆರಳಿಗೆ ಜಾರುತ್ತಿದ್ದ. ಈಗ ಒಂದು ಕಡೆ ಗಟ್ಟಿ. ಒತ್ತಿದರೆ ನೋವು. ಎಡಗೈ ಭುಜದಿಂದ ಮೇಲೆ ಏಳುತ್ತಿಲ್ಲ... ಯಾರಿಗೂ ಹೇಳಿಲ್ಲ.

ಮಾರ್ಚ್ 14, ಮಧ್ಯಾಹ್ನ

ಸಿಕ್ಕಿಬಿದ್ದೆ. ಇಸ್ತ್ರಿ ಮಾಡುವಾಗ ಮನೆಯವಳು ಬಿಚ್ಚಿದ ಭುಜಗಳನ್ನು ನೋಡಿದಳು.

“ಏನ್ರೀ ಇದು?”

“ಬಟ್ಟೆ ಶ್ರಿಂಕ್ ಆಗಿದೆ ಕಣೇ.”

“ನೆನೆಸಿ ಒಣಗಿಸದೆ ಯಾವ ಬಟ್ಟೆಗೂ ಕತ್ತರಿ ಹಾಕೋರಲ್ಲ ನೀವು. ಯಾರ ಕಿವಿ ಮೇಲೆ ಹೂ ಇಡ್ತಿದ್ದೀರಿ?”

ಟೇಪು ಹಿಡಿದಳು. ಎರಡಿಂಚಿನ ನೆಂಟ ಮೂರೂಕಾಲು. “ಊರವರ ಮೈಯೆಲ್ಲಾ ಅಳೀತೀರಿ. ನಿಮ್ಮ ಮೈ ಅಳೆಯೋಕೆ ಭಯಾನಾ?”

ಹೌದು, ಭಯ. ಕ್ಯಾನ್ಸರ್ ಇರಬಹುದೆಂಬ ಭಯ. ಈ ಡೈರಿಯಲ್ಲಾದರೂ ಬರೆದುಬಿಡುತ್ತೇನೆ.

ಮಾರ್ಚ್ 17

ಡಾಕ್ಟರಮ್ಮ ಒತ್ತಿ ನೋಡಿದರು. “ಇಷ್ಟು ವರ್ಷ ಸುಮ್ಮನಿದ್ದದ್ದು ಬೆಳೆದ್ರೆ, ಗಟ್ಟಿಯಾದ್ರೆ ಬಿಡಬಾರದು.” ಸ್ಕ್ಯಾನ್ ಆಯಿತು. ಸೂಜಿ ಹಾಕಿ ಚೂರು ತೆಗೆದರು. ಸೂಜಿ ನನಗೇನು ಹೊಸದೇ? ಆದರೂ ಬೆವೆತುಹೋದೆ.

ಮಾರ್ಚ್ 22

ರಿಪೋರ್ಟ್ ಇನ್ನೂ ಬಂದಿಲ್ಲ. ಒಂದೇ ಪ್ಯಾಂಟಿಗೆ ಎರಡು ಎಡಗಾಲು ಕತ್ತರಿಸಿದೆ. ಮನೆಯವಳು ನಗಲೂ ಇಲ್ಲ.

ಮಾರ್ಚ್ 25, ಹನ್ನೊಂದು ಗಂಟೆ

ಬರೀ ಕೊಬ್ಬು! ಬರೀ ಕೊಬ್ಬು! ಥಾನುಗಟ್ಟಲೆ ಬಟ್ಟೆ ಆ ಭುಜದ ಮೇಲೇ ಹೊತ್ತು ಹೊತ್ತು ಒಳಗೆ ಪೆಟ್ಟಾಗಿ ಗಟ್ಟಿಯಾಗಿದೆಯಂತೆ. ಮನೆಯವಳು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಅತ್ತಳು. ಆಮೇಲೆ ಮನೆಯವರೆಗೂ ಬೈದಳು. ಬೈಗುಳ ಇಷ್ಟು ಇಂಪಾಗಿರುತ್ತದೆಂದು ಗೊತ್ತೇ ಇರಲಿಲ್ಲ. ಆದರೂ ತೆಗೆಸುವುದೇ ಸರಿ ಎಂದಾಯಿತು.

ಏಪ್ರಿಲ್ 20

ನೆಂಟ ಹೋಗಿ ಹನ್ನೆರಡು ದಿನ. ಇಡಿಯಾಗಿ ತೆಗೆದು ಮತ್ತೆ ಟೆಸ್ಟ್ ಮಾಡಿದರು — ಅದೂ ಕ್ಲೀನ್. ಇವತ್ತು ಹೊಲಿಗೆ ಬಿಚ್ಚುವ ಮೊದಲು ಕನ್ನಡಿ ಕೇಳಿದೆ. ಏಳು ಹೊಲಿಗೆ, ಸಮ ಅಂತರ. ಆರನೆಯದು ತುಸು ಎಳೆದಿತ್ತು. ಹೇಳಿಯೇಬಿಟ್ಟೆ.

“ಮುಂದಿನ ಪೇಷಂಟಿಗೆ ನೀವೇ ಬಂದು ಹಾಕಿ!” ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು.

ಏಪ್ರಿಲ್ 29, ಬೆಳಿಗ್ಗೆ

ಹಳೆಯ ಕಾಗದ ಮೊಳೆಯಿಂದ ಇಳಿಸಿದೆ. ಮೇಜಿನ ಮೇಲೆ ಹೊಸದು ಹಾಸಿದ್ದೇನೆ. ಟೇಪು ಮನೆಯವಳ ಕೈಯಲ್ಲಿ. ಅವಳು ಕೂಗುತ್ತಾಳೆ, ನಾನು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ. ಬಲ ಭುಜ ಎಂಟೂವರೆ. ಎಡ ಭುಜ... ಎರಡು ಸಲ ಅಳೆದಳು. ಕಣ್ಣೊರೆಸಿಕೊಂಡು ಮೂರನೇ ಸಲವೂ ಅಳೆದಳು. ಎಂಟೂವರೆ!

“ಈಗ ಆ ಪೆನ್ನು ಕೆಳಗಿಡಿ. ಎರಡೂ ಕೈ ಮೇಲಕ್ಕೆತ್ತಿ, ನೋಡೋಣ.”

ಎತ್ತುತ್ತಿದ್ದೇ—