ಜೋರಾದ ರೇಡಿಯೋ

೨೧ ನವೆಂಬರ್ ೧೯೯೧, ಗುರುವಾರ, ಚಿಕ್ಕೋಡಿ

ಅಕ್ಕೋಳದ ಆ ಹೆಣ್ಣುಮಗಳ ಮಾತು ಕಿವಿಯಿಂದ ಹೋಗುತ್ತಿಲ್ಲ. ಗಂಡನ ಹೊಡೆತ ತಾಳದೆ ಕೋರ್ಟಿಗೆ ಬಂದವಳು. ಅದನ್ನೆಲ್ಲ ಕಂಡು ಬೆಳೆದ ಮಗಳನ್ನು ವಾರಕ್ಕೊಮ್ಮೆ ಬೆಳಗಾವಿಯ ಮನಸ್ಸಿನ ಡಾಕ್ಟರರ ಹತ್ತಿರ ಕರೆದೊಯ್ಯಬೇಕು, ಖರ್ಚು ಸರಕಾರದ್ದು ಎಂದು ಜಡ್ಜ್ ಸಾಹೇಬರು ಆದೇಶ ಮಾಡಿದ್ದಾರೆ. ಬಿಲ್ಲು ಮಾಡುವ ಗುಮಾಸ್ತ ನಾನು.

"ನಿಮ್ಮ ಮನಿ ಜಗಳಕ್ಕ ಮಂದಿ ರೊಕ್ಕ ಯಾಕ್ರಿ?" ಎಂದೆ ಆಕೆಗೆ, ಇವತ್ತು ಕಚೇರಿಯಲ್ಲಿ ಎಲ್ಲರೆದುರಿಗೆ.

"ಅಪ್ಪನ ದನಿ ಏರಿದ ಕೂಡ್ಲೆ ಇಕಿ ರೇಡಿಯೋ ಜೋರ್ ಮಾಡ್ತಿದ್ಲರಿ, ಓಣಿಗೆ ಕೇಳಬಾರದಂತ. ಈಗ ತವರಮನ್ಯಾಗ ಅದೀವಿ. ಅಲ್ಲೂ ಬಂದ್ ಮಾಡಗೊಡಂಗಿಲ್ರಿ," ಎಂದಳು ಆಕೆ.

"ರೇಡಿಯೋ ಕೇಳೂದೂ ಒಂದ್ ಬ್ಯಾನಿ ಏನ್ರಿ?" ಎಂದು ನಕ್ಕೆ. ಕಚೇರಿಯೂ ನಕ್ಕಿತು.

ಆ ಬಿಲ್ಲಿನ ಗದ್ದಲದಲ್ಲಿ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ದೀಪದ ಹುಳ ಸತ್ತೀತೆಂದು ಕತ್ತಲಾದ ಮೇಲೆ ಉಣ್ಣದ ಜೈನ ನಾನು. ಇನ್ನು ಬೆಳಗಿನತನಕ ಉಪವಾಸ. "ಕೋರ್ಟಿಗೇ ಡಬ್ಬಿ ಕಳಸಾಕ ಏನಾಗಿತ್ತ ನಿನಗ?" ಎಂದು ಹೆಂಡತಿಯ ಮೇಲೆ ಹರಿಹಾಯ್ದೆ. ಚಂಪಾ ಗೋಡೆಗೆ ಸರಿದಳು. ಕೈ ಎತ್ತಿದ್ದೆ. ಮೊದಲ ಸಲವೇನಲ್ಲ.

ಒಳಗೆ ಸಾಂಗ್ಲಿ ಸ್ಟೇಷನ್ನಿನ ಮರಾಠಿ ವಾರ್ತೆ ಒಮ್ಮೆಲೆ ಜೋರಾಯಿತು. ನನ್ನ ಮಗಳು ತ್ರಿಶಲಾ, ಒಂಬತ್ತು ವರ್ಷದವಳು. ನನ್ನ ಕಡೆ ನೋಡಲಿಲ್ಲ. ಎದ್ದು ಬಂದು ಬೀದಿಬಾಗಿಲನ್ನೂ ಮುಚ್ಚಿದಳು.

ಹುಳದ ಹಿಂಸೆಗೆ ಅಂಜುವವನಂತೆ ನಾನು.

ಸ್ಟೇಷನ್ನಿನ ಕಾರ್ಯಕ್ರಮ ಮುಗಿದು ಎಷ್ಟೋ ಹೊತ್ತಾಯಿತು. ರೇಡಿಯೋ ಇನ್ನೂ ಬರೀ ಸೊರ್ ಎನ್ನುತ್ತಿದೆ. ಅವಳು ಮಲಗಿಲ್ಲ. ಬಂದ್ ಮಾಡವ್ವಾ ಎನ್ನಲು ನನಗೆ ಬಾಯಿಲ್ಲ.